ಹೊಸ ಸಿನಿಮಾಗೆ ಮೊದಲ ದಿನವೇ ಹೋಗಬೇಕಾ, ಎರಡನೇ ವಾರ ಹೋದರೆ ಸಾಕಾ, ಇಲ್ಲ ಮನೆಯ ಟಿವಿಗೆ ಕಾಯಬೇಕಾ?

ನನ್ನ ವೋಟು ಎರಡನೇ ವಾರದ ಬೆಳಗಿನ ಶೋಗೆ. ಮೊದಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಮುಂದೆ ನಾನು ಮನೆಯ ಟಿವಿಯನ್ನು ಬೈಯುವುದು ಸ್ವಲ್ಪ ಜಾಸ್ತಿಯೇ ಇದೆ. ಬೈಯಲು ಕಾರಣವೂ ಇದೆ. ಹೋದ ಶನಿವಾರ ರಾತ್ರಿ ಹೊಸ ಚಿತ್ರವೊಂದನ್ನು ಆನ್‌ಲೈನಿನಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ಮನೆಮಂದಿಯೆಲ್ಲ ಸೋಫಾ ಮೇಲೆ ಕೂತೆವು. ಪೂರ್ತಿ ನೋಡದೆ ಒಬ್ಬೊಬ್ಬರಾಗಿ ಎದ್ದು ಹೋದೆವು.

ನಮ್ಮ ಮನೆಯಲ್ಲಿ ನಾನು, ನಮ್ಮವರು, ಹೈಸ್ಕೂಲಿನ ಮಗ, ಕತ್ತಲು ಅಂದರೆ ಇನ್ನೂ ಹೆದರುವ ಮಗಳು, ಮತ್ತೆ ಕಿವಿ ಸ್ವಲ್ಪ ಮಂದವಾಗಿರುವ ಅತ್ತೆ. ಒಂದೇ ಸಿನಿಮಾ ಐದೂ ಜನಕ್ಕೆ ಹಿಡಿಸಬೇಕು ಅನ್ನುವ ಆಸೆಯನ್ನು ನಾನು ಯಾವತ್ತೋ ಬಿಟ್ಟಿದ್ದೇನೆ. ಐದೂ ಜನಕ್ಕೆ ಮಾತು ಕೇಳಿಸಿದರೆ ಸಾಕು.

ಮೊದಲ ದಿನದ ವಿಷಯ ಬೇಗ ಮುಗಿಸುತ್ತೇನೆ. ಶುಕ್ರವಾರ ಬಿಡುಗಡೆ ಅನ್ನುವುದು ನಮಗೆ ಅಭ್ಯಾಸ. ಫ್ರಾನ್ಸಿನಲ್ಲಿ ಬುಧವಾರ, ಜರ್ಮನಿಯಲ್ಲಿ ಗುರುವಾರ. ಎಲ್ಲೇ ಆಗಲಿ ಅದು ಕೆಲಸದ ದಿನ, ಅಂದರೆ ಮನೆಯವರೆಲ್ಲ ಸುಸ್ತಾಗಿರುವ ದಿನ. ಒಟ್ಟಿಗೆ ಐದು ಸೀಟು ಸಿಗುವುದಿಲ್ಲ. ಸಿಕ್ಕರೆ ತೆರೆಯ ಮುಂದೆಯೇ, ತಲೆ ಎತ್ತಿ ನೋಡುವ ಸಾಲಿನಲ್ಲಿ. ಆದರೆ ಒಂದು ಮಾತು ಒಪ್ಪಲೇಬೇಕು, ತುಂಬಿದ ಹಾಲ್‌ನಲ್ಲಿ ನೂರಾರು ಜನರ ಜೊತೆ ನಗುವ ಮಜಾ ಬೇರೆ ಎಲ್ಲೂ ಇಲ್ಲ. ಮಗನಿಗೆ ಇದೇ ಬೇಕು, ಸೋಮವಾರ ಗೆಳೆಯರು ಕಥೆ ಹೇಳಿಬಿಡುವ ಮುಂಚೆ ನೋಡಿರಬೇಕು ಅಂತ. ಸರಿ, ಅವನು ಅವರಪ್ಪನ ಜೊತೆ ಹೋಗಿ ಬರಲಿ.

ಈಗ ಮನೆ.

ನಮ್ಮವರ ವಾದ ಯಾವಾಗಲೂ ಒಂದೇ: "ಇನ್ನು ಸ್ವಲ್ಪ ದಿನಕ್ಕೆ ಮನೆಗೇ ಬರುತ್ತಲ್ಲ, ಯಾಕೆ ಸುಮ್ನೆ ಓಡಾಡೋದು?" ತಪ್ಪು ಅನ್ನಲಾರೆ. 2020ಕ್ಕೆ ಮುಂಚೆ ದೊಡ್ಡ ಹಾಲಿವುಡ್ ಚಿತ್ರ ಥಿಯೇಟರಿನಿಂದ ಮನೆಗೆ ಬರಲು ಸುಮಾರು 90 ದಿನ ಬೇಕಿತ್ತು. ಕೊರೊನಾ ಬಂದ ಮೇಲೆ ಅದು ಹಲವು ಚಿತ್ರಗಳಿಗೆ 45 ದಿನಕ್ಕೆ ಇಳಿಯಿತು, ಕೆಲವು ಅದಕ್ಕೂ ಬೇಗ ಬಂದವು. ದುಡ್ಡಿನ ಲೆಕ್ಕದಲ್ಲೂ ಅವರೇ ಗೆಲ್ಲುತ್ತಾರೆ. ಒಂದು ಬಾಡಿಗೆ ಕಟ್ಟಿದರೆ ಐದು ಜನ ನೋಡಬಹುದು, ಐವತ್ತು ಜನ ಬಂದರೂ ಅಷ್ಟೇ.

ಆದರೆ ಆ ಸೌಂಡು! ಪಾತ್ರಗಳು ಪಿಸುಗುಡುತ್ತವೆ, ನಾನು ವಾಲ್ಯೂಮ್ ಏರಿಸುತ್ತೇನೆ. ಮರುಕ್ಷಣ ಕಾರು ಸಿಡಿಯುತ್ತದೆ, ಮಲಗಿದ್ದ ಮಗಳು ಎದ್ದು ಕೂರುತ್ತಾಳೆ, ನಾನು ಇಳಿಸುತ್ತೇನೆ. ಮತ್ತೆ ಪಿಸುಮಾತು. ಅತ್ತೆ ಕೇಳುತ್ತಾರೆ, "ಏನಂದ ಅವನು?" ನನಗೂ ಕೇಳಿಸಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹಾಕುತ್ತೇವೆ. ಅಷ್ಟರಲ್ಲಿ ಮಗ ಫೋನ್ ಹಿಡಿದಾಗಿದೆ. ನೋಡಿದಷ್ಟು ಹೊತ್ತೂ ಹೀಗೇ ನಡೆಯಿತು, ರಿಮೋಟ್ ಕೆಳಗಿಡಲು ಆಗಲೇ ಇಲ್ಲ.

ನನಗೆ ಹಟ ಬಂತು, ಯಾಕೆ ಹೀಗೆ ಅಂತ ಕೂತು ಓದಿದೆ. ಥಿಯೇಟರಿನಲ್ಲಿ ತೆರೆಯ ಹಿಂದೆ ನಡುವೆ ಒಂದು ಸ್ಪೀಕರ್ ಇರುತ್ತದೆ, ಮಾತು ಬಹುಪಾಲು ಅದರಿಂದಲೇ ಬರುತ್ತದೆ. ಸಂಗೀತ, ಗಲಾಟೆ ಎಲ್ಲ ಅಕ್ಕಪಕ್ಕದ, ಹಿಂದಿನ ಸ್ಪೀಕರುಗಳಲ್ಲಿ ಹಂಚಿಹೋಗುತ್ತವೆ. ನಮ್ಮ ಟಿವಿಯಲ್ಲಿ ಇರುವುದು ಎರಡೇ ಸಣ್ಣ ಸ್ಪೀಕರ್, ಅವೂ ನೆಲದ ಕಡೆಗೆ ಮುಖ ಮಾಡಿಕೊಂಡಿವೆ. ಮಾತು, ಸಂಗೀತ, ಗುಂಡಿನ ಸದ್ದು ಎಲ್ಲವನ್ನೂ ಅದೇ ಎರಡರೊಳಗೆ ತುರುಕಬೇಕು. ಇನ್ನೊಂದು ಕಾರಣ ಸದ್ದಿನ ಮಟ್ಟ. ಸಿನಿಮಾ ಹಾಲ್‌ಗೆ ಒಂದು ಸ್ಪೀಕರಿಗೆ 85 ಡೆಸಿಬೆಲ್ (ಸದ್ದಿನ ಅಳತೆ) ಅಂತ ಗುರುತು ಇಟ್ಟುಕೊಂಡು ಮಿಕ್ಸ್ ಮಾಡುತ್ತಾರೆ, ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಜಾಗ ಬಿಟ್ಟಿರುತ್ತಾರೆ. ಅಷ್ಟು ಜೋರಾಗಿ ಮನೆಯಲ್ಲಿ ಹಾಕಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಎಲ್ಲವನ್ನೂ ತಗ್ಗಿಸಿದರೆ ಜೋರಿನ ಸದ್ದು ಹೇಗೋ ಉಳಿಯುತ್ತದೆ, ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ.

ಸಬ್‌ಟೈಟಲ್ ಹಾಕಿ ನೋಡಿದೆವು. ಅತ್ತೆಗೆ ಅಷ್ಟು ಬೇಗ ಓದಲು ಆಗುವುದಿಲ್ಲ. ಮಗ ಜೋಕನ್ನು ನಟ ಹೇಳುವ ಮುಂಚೆಯೇ ಓದಿ ನಗುತ್ತಾನೆ, ಉಳಿದವರಿಗೆ ಆ ಜೋಕು ಅಲ್ಲಿಗೆ ಮುಗಿಯಿತು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ನೈಟ್ ಮೋಡ್ ಅಂತ ಒಂದಿದೆ, ಜೋರನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ. ಅದರಿಂದ ಸ್ವಲ್ಪ ಉಪಯೋಗ ಆಯಿತು, ಆದರೆ ಗುಡುಗೂ ಒಂದೇ, ಗಂಟಲು ಕೆರೆದದ್ದೂ ಒಂದೇ ಅನ್ನುವ ಹಾಗಾಯಿತು. ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 (ಆರು ಸ್ಪೀಕರಿಗೆ ಹಂಚಿದ ಸದ್ದು) ಬಿಟ್ಟು ಸ್ಟೀರಿಯೊ (ಎರಡೇ ಸ್ಪೀಕರಿನದ್ದು) ಆರಿಸಿದಾಗ. ಈ ಆಯ್ಕೆ ಎಲ್ಲ ಚಿತ್ರಕ್ಕೂ ಇರುವುದಿಲ್ಲ, ಇದ್ದರೆ ಮೊದಲು ಅದನ್ನೇ ಮಾಡಿ. ಸೌಂಡ್‌ಬಾರ್ ತರೋಣ ಅಂದರು ನಮ್ಮವರು, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್. ನಡುವೆ ಮಾತಿಗೇ ಬೇರೆ ಸ್ಪೀಕರ್ ಇರುವಂಥದ್ದು ತಂದರೆ ತೊಂದರೆ ನೀಗಬಹುದು, ಅಗ್ಗದ ಹಲವು ಸೌಂಡ್‌ಬಾರುಗಳಲ್ಲಿ ಅದು ಇಲ್ಲ. ಒಳ್ಳೆಯದಕ್ಕೆ ಕೊಡುವ ದುಡ್ಡಿನಲ್ಲಿ ನಾವೈದೂ ಜನ ಎಷ್ಟೋ ಬೆಳಗಿನ ಶೋ ನೋಡಬಹುದು. ನಾವು ಸಿನಿಮಾ ನೋಡುವುದೇ ಅಪರೂಪ, ನಮಗೆ ಆ ಲೆಕ್ಕ ಕೂಡುವುದಿಲ್ಲ. ದಿನಾ ಒಂದು ಸಿನಿಮಾ ನೋಡುವ ಮನೆಯಾದರೆ ಕಣ್ಣು ಮುಚ್ಚಿಕೊಂಡು ತನ್ನಿ.

ಬಾಡಿಗೆಯದ್ದು ಇನ್ನೊಂದು ಕಿರಿಕಿರಿ. ಸಾಮಾನ್ಯವಾಗಿ ನೋಡಲು ಶುರು ಮಾಡಲು 30 ದಿನ ಸಿಗುತ್ತದೆ, ಆದರೆ ಒಮ್ಮೆ ಪ್ಲೇ ಒತ್ತಿದ ಮೇಲೆ 48 ಗಂಟೆ ಅಷ್ಟೇ. ಒಂಟಿಯಾಗಿ ಇರುವವರಿಗೆ ಅದು ಬೇಕಾದಷ್ಟಾಯಿತು. ನಮ್ಮಲ್ಲಿ ಶನಿವಾರ ಅರ್ಧಕ್ಕೆ ನಿಂತಿತು, ಭಾನುವಾರ ನೆಂಟರು ಬಂದರು, ಸೋಮವಾರ ಮಗನಿಗೆ ಟೆಸ್ಟ್ ಇತ್ತು. ಮಿಕ್ಕ ಅರ್ಧ ಹಾಗೇ ಹೋಯಿತು. ಚಂದಾ ಕಟ್ಟಿರುವ ಆ್ಯಪಿನಲ್ಲೇ ಬರುವವರೆಗೆ ಕಾದರೆ ಈ ಗಡಿಬಿಡಿ ಇಲ್ಲ. ಆದರೆ ಅಷ್ಟು ಹೊತ್ತಿಗೆ ಯಾರಿಗೂ ನೋಡುವ ಉಮೇದು ಉಳಿದಿರುವುದಿಲ್ಲ.

ಸೌಂಡು ಬಿಟ್ಟು, ಟಿವಿಯಲ್ಲಿ ಕಾಣುವ ದೃಶ್ಯದ ಬಗ್ಗೆ ಒಂದೇ ಮಾತು: ಹೊಸ ಸಿನಿಮಾ ಟಿವಿಯಲ್ಲಿ ಧಾರಾವಾಹಿಯ ಹಾಗೆ ನುಣ್ಣಗೆ ಕಂಡರೆ ಮೋಷನ್ ಸ್ಮೂದಿಂಗ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ, ಅಂದರೆ 24 ಬಿಡಿ ಚಿತ್ರದಲ್ಲಿ, ಟಿವಿ ನಡುವೆ ತನ್ನದೇ ಫ್ರೇಮು ಸೇರಿಸುತ್ತದೆ. ಹಾಲಿವುಡ್ ನಟ ಟಾಮ್ ಕ್ರೂಸ್ 2018ರಲ್ಲಿ ಇದನ್ನು ಆಫ್ ಮಾಡಿ ಅಂತ ವಿಡಿಯೊ ಮಾಡಿ ಕೇಳಿಕೊಂಡಿದ್ದರು.

ಇನ್ನು ನನ್ನ ಎರಡನೇ ವಾರ. ರಜೆ ದಿನದ ಮೊದಲ ಶೋ. ಐದು ಸೀಟು ಒಟ್ಟಿಗೆ, ಮಧ್ಯಕ್ಕಿಂತ ಸ್ವಲ್ಪ ಹಿಂದೆ, ಓಡಾಡುವ ದಾರಿಯ ಪಕ್ಕದಲ್ಲಿ. ಮಗಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಲು ಹತ್ತು ಜನರ ಕಾಲು ತುಳಿಯಬೇಕಾಗಿಲ್ಲ. ಬೆಳಗ್ಗೆ ಅವಳು ಚುರುಕಾಗಿರುತ್ತಾಳೆ, ಹೊರಗೆ ಬಂದಾಗ ಬಿಸಿಲು ಇರುತ್ತದೆ, ಹೆದರಿದ್ದರೂ ಬೇಗ ಮರೆಯುತ್ತಾಳೆ. ಒಂದು ವಾರ ಕಳೆದಿರುವುದರಿಂದ ಯಾವ ದೃಶ್ಯದಲ್ಲಿ ಅವಳ ಕಣ್ಣು ಮುಚ್ಚಬೇಕು ಅನ್ನುವುದು ಮೊದಲೇ ನೋಡಿದ ಬೇರೆ ಅಮ್ಮಂದಿರಿಂದ ಗೊತ್ತಾಗಿರುತ್ತದೆ. ಜಾಹೀರಾತು, ಟ್ರೇಲರ್, ಓದುವ ವಿಮರ್ಶೆ ಯಾವುದೂ ಇದನ್ನು ಹೇಳುವುದಿಲ್ಲ. ಮುಖ್ಯವಾಗಿ, ಹೋದ ಸಲ ಹೀಗೆ ಹೋದಾಗ ಅತ್ತೆ ಎರಡೂವರೆ ಗಂಟೆ "ಏನಂದ" ಅಂತ ಕೇಳಲೇ ಇಲ್ಲ, ದಾರಿಯುದ್ದಕ್ಕೂ ಕಥೆಯಲ್ಲಿ ಎಲ್ಲಿ ತಪ್ಪಾಯಿತು ಅಂತ ನಮಗೇ ವಿವರಿಸಿದರು.

ಇಲ್ಲೂ ಕೊರತೆ ಇದೆ. ಮಕ್ಕಳಿಗೆ ಸದ್ದು ಜಾಸ್ತಿಯೇ, ಮಗಳಿಗೆ ಕಿವಿ ಮುಚ್ಚುವ ಇಯರ್‌ಮಫ್ ಒಯ್ಯುತ್ತೇನೆ. ಕನ್ನಡಕದ ಮೇಲೆ 3ಡಿ ಕನ್ನಡಕ ಹಾಕುವುದು ಅತ್ತೆಗೆ ಆಗದು, ಹಾಗಾಗಿ 2ಡಿ ಶೋ ಹುಡುಕಬೇಕು. ಯುವಕರಿಗೆ, ಮಕ್ಕಳಿಲ್ಲದವರಿಗೆ ನನ್ನ ಸಲಹೆ ಬೇಕಾಗಿಲ್ಲ, ಮೊದಲ ದಿನವೇ ಹೋಗಿ.

ಈ ವಾರ ಬಂದಿರುವುದರಲ್ಲಿ ನಮಗೆ ಆಗುವಂಥದ್ದು ಒಂದು ಆ್ಯನಿಮೇಷನ್ ಚಿತ್ರ, ಅದು ಮುಂದಿನ ಭಾನುವಾರಕ್ಕೆ. ದೆವ್ವದ ಸಿನಿಮಾ ಮಗ ಮತ್ತು ಅವರಪ್ಪನ ಪಾಲಿಗೆ. ಕೋರ್ಟಿನ ಕಥೆಯದ್ದು, ಬರೀ ಮಾತೇ ಇರುವಂಥದ್ದು, ಮನೆಗೆ ಬಂದ ಮೇಲೆ ನೋಡುತ್ತೇನೆ, ಅದೂ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು. ಎರಡನೇ ವಾರಕ್ಕೆ ಕಾಯುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಹೊಸ ಚಿತ್ರ ಬಂದ ಕೂಡಲೇ ಹಳೆಯದರ ಶೋ ಕಡಿಮೆ ಮಾಡುತ್ತಾರೆ, ಮೊದಲು ಹೋಗುವುದು ಬೆಳಗಿನದೋ ರಾತ್ರಿಯದೋ ಹೇಳಲು ಬರುವುದಿಲ್ಲ. ಹೊಸ ವಾರದ ಪಟ್ಟಿ ಹಾಕಿದ ಕೂಡಲೇ ನೋಡಿ ಸೀಟು ಹಿಡಿಯಿರಿ.