ಉದ್ರಿ ಪುಸ್ತಕ, ಫೋನಿನ ಆಪ್, ಹಳೇ ಕಂಪ್ಯೂಟರ್: ಅಂಗಡಿ ಲೆಕ್ಕಕ್ಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಕಂಪ್ಯೂಟರಿಗೆ. ಅದೂ ನೆಟ್ ಕೊಡದೆ ಮೂಲೆಯಲ್ಲಿ ಇಟ್ಟ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ. ಉದ್ರಿಗೆ ಮಾತ್ರ ಪುಸ್ತಕ. ಫೋನಿನ ಆಪ್ ಹದಿನೈದು ತಿಂಗಳು ಬಳಸಿ ಬಿಟ್ಟೆ. ಬಿಟ್ಟದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ನಮ್ಮದು ಉಡುಪಿಯ ಕುಂಜಿಬೆಟ್ಟಿನ ಕಡೆ, ಮಣಿಪಾಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಜಿನಸಿ ಅಂಗಡಿ. ಮಾವ ಶುರು ಮಾಡಿದ್ದು. ಈಗ ಸಾಮಾನು ತರುವುದು, ಡೀಲರುಗಳ ಹತ್ತಿರ ಮಾತಾಡುವುದು ನಮ್ಮವರು. ಕೌಂಟರ್ ಮತ್ತು ಲೆಕ್ಕ ನನ್ನದು. ಸಹಾಯಕ್ಕೆ ಒಬ್ಬ ಹುಡುಗ. ದಿನಕ್ಕೆ ನೂರೈವತ್ತು ಬಿಲ್ ಆಗುತ್ತದೆ, ಅಷ್ಟಮಿ, ಚೌತಿ ಬಂದರೆ ಇನ್ನೂ ಜಾಸ್ತಿ. ಅರವತ್ತಮೂರು ಮನೆಯ ಉದ್ರಿ ಉಂಟು. ನಾಲ್ಕು ಕೌಂಟರ್ ಇರುವ ಮಾರ್ಟಿನವರಿಗೆ ನಾನು ಹೇಳುವುದು ಹಿಡಿಸಲಿಕ್ಕಿಲ್ಲ.

ಪುಸ್ತಕದಿಂದ ಶುರು ಮಾಡುತ್ತೇನೆ. ಉದ್ದದ್ದು, ಕೆಂಪು ರಟ್ಟಿನದು, ಮಾವನ ಕಾಲದಿಂದ ಒಂದೇ ನಮೂನೆ. ಕರೆಂಟು ಬೇಡ, ಸಿಗ್ನಲ್ ಬೇಡ. ಆಟಿಯ ಮಳೆಗೆ ಬೂಷ್ಟು ಹಿಡಿಯುತ್ತದೆ, ಅಟ್ಟಕ್ಕೆ ಹಾಕಿದರೆ ಒರಲೆ ತಿನ್ನುತ್ತದೆ. 2018-19ರ ಪುಸ್ತಕ ಮುಕ್ಕಾಲು ಒರಲೆಯ ಪಾಲಾಯಿತು. ಜಿಎಸ್‌ಟಿ ಕಾನೂನು ಏನು ಹೇಳುತ್ತದೆ ಅಂದರೆ, ಆ ವರ್ಷದ ವಾರ್ಷಿಕ ರಿಟರ್ನಿಗೆ ಇಟ್ಟ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಆ ಕೊನೆಯ ದಿನ ವರ್ಷ ಮುಗಿದ ಮೇಲೆ ಬರುವ ಡಿಸೆಂಬರ್ 31. ಹಾಗಾಗಿ 2024-25ರ ಲೆಕ್ಕವನ್ನು 2031ರ ಕೊನೆಯ ತನಕ ಕಾಯಬೇಕು. ಒರಲೆಗೆ ಇದೆಲ್ಲ ಯಾರು ಹೇಳುವುದು?

ಇನ್ನೊಂದು ತೊಂದರೆ, ಪುಸ್ತಕ ಕೌಂಟರ್ ಮೇಲೆ ತೆರೆದಿದ್ದರೆ ಬೆಲ್ಲಕ್ಕೆ ಬಂದವರು ಪಕ್ಕದ ಮನೆಯವರ ಬಾಕಿ ಓದಿಕೊಂಡು ಹೋಗುತ್ತಾರೆ. ಮಾವ ಇದಕ್ಕೆ ಹೆಸರೇ ಬರೆಯುತ್ತಿರಲಿಲ್ಲ. ‘ಬಾವಿಕಟ್ಟೆ’, ‘ಹಲಸಿನ ಮರ’, ‘ಮೇಲಿನ ಮನೆ’ ಅಂತ ಬರೆಯುತ್ತಿದ್ದರು. ಅಸಲು ದರವನ್ನು ಡಬ್ಬಿಯ ಮೇಲೆ ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಅಕ್ಷರದಲ್ಲಿ. ಹತ್ತು ಅಂಕಿಗೆ ಹತ್ತು ಅಕ್ಷರ. ಯಾವ ಅಕ್ಷರಕ್ಕೆ ಯಾವ ಅಂಕಿ ಅಂತ ನನಗೆ ಹೇಳಿದ್ದು ನಾನು ಮದುವೆಯಾಗಿ ಬಂದು ಆರು ವರ್ಷದ ಮೇಲೆ! ಆಗ ನಗು ಬಂದಿತ್ತು. ಈಗ ನೋಡಿದರೆ ನಮ್ಮ ಅಂಗಡಿಯ ಗುಟ್ಟನ್ನು ಅವರಷ್ಟು ಚೆನ್ನಾಗಿ ಯಾವ ಯಂತ್ರವೂ ಕಾದಿಲ್ಲ.

ಇನ್ನು ಆಪ್. 2024ರ ಏಪ್ರಿಲಿನಲ್ಲಿ ಹಾಕಿಕೊಂಡದ್ದು, ಪುಕ್ಕಟೆ. ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಒಳ್ಳೆಯದು ಇರಲಿಲ್ಲ ಅಂತಲ್ಲ. ಬಿಲ್ ಬೇಗ ಆಗುತ್ತಿತ್ತು. ನಮ್ಮವರು ಮಂಗಳೂರಿನ ಬಂದರಿನಲ್ಲಿ ಮೆಣಸಿನ ದರ ಚೌಕಾಸಿ ಮಾಡುತ್ತಲೇ ಅಂಗಡಿಯಲ್ಲಿ ಎಷ್ಟು ಕಿಲೋ ಉಳಿದಿದೆ ಅಂತ ಫೋನಿನಲ್ಲಿ ನೋಡುತ್ತಿದ್ದರು. ಅವರಿಗೆ ಈಗಲೂ ಅದರ ಮೇಲೆ ಪ್ರೀತಿ. “ನಿನಗೆ ಎಂತ ಮಾರಾಯ್ತಿ, ಒಂದು ತಪ್ಪಿಗೆ ಇಡೀ ಆಪ್ ಬಿಸಾಡಿದೆ” ಅನ್ನುತ್ತಾರೆ.

ಆ ಒಂದು ತಪ್ಪು ಏನು ಅಂತ ಹೇಳುತ್ತೇನೆ.

ಉದ್ರಿ ಬರೆದ ಕೂಡಲೇ ಆ ಆಪ್ ಗಿರಾಕಿಯ ನಂಬರಿಗೆ ತಾನೇ ಮೆಸೇಜ್ ಕಳಿಸುತ್ತದೆ. ಇಷ್ಟು ಬಾಕಿ, ಇಲ್ಲಿ ಒತ್ತಿ ಕಟ್ಟಿ ಅಂತ. ಅದು ಮೊದಲಿನಿಂದಲೂ ಆನ್ ಆಗಿಯೇ ಇರುತ್ತದೆ, ನಾವು ಹುಡುಕಿ ಆಫ್ ಮಾಡಬೇಕು. ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ, ಮಾವನ ಕಾಲದ ಗಿರಾಕಿ. ತಿಂಗಳು ಪೂರ್ತಿ ಸಾಮಾನು, ಪೆನ್ಶನ್ ಬಂದ ಮರುದಿನ ಲೆಕ್ಕ ಚುಕ್ತಾ. ಅವರ ಮನೆಯ ನಂಬರ್ ಅಂತ ನನ್ನ ಫೋನಿನಲ್ಲಿ ಇದ್ದದ್ದು ಅವರ ಮಗನದ್ದು. ಯಾವಾಗಲೋ ಅಕ್ಕಿ ಮೂಟೆ ಮನೆಗೆ ಕಳಿಸುವಾಗ ಕೊಟ್ಟಿದ್ದರು. ಮಗ ಇರುವುದು ಬೆಂಗಳೂರಿನಲ್ಲಿ. ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ ಬಾಕಿ ಅಂತ ಅವನಿಗೆ ಮೆಸೇಜ್ ಹೋಗಿದೆ. ಒಂದಲ್ಲ, ಐದು ಸಲ. ಅವನು ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಿ, ನಾನು ದುಡ್ಡು ಕಳಿಸುವಾಗ ನೀವು ಅಂಗಡಿಯಲ್ಲಿ ಸಾಲ ಯಾಕೆ ಮಾಡುತ್ತೀರಿ ಅಂತ ಕೇಳಿದ್ದಾನೆ.

ಮೇಷ್ಟ್ರು ಮರುದಿನ ಬಂದರು. ಬೈಯಲಿಲ್ಲ. ದುಡ್ಡು ಎಣಿಸಿ ಕೌಂಟರ್ ಮೇಲೆ ಇಟ್ಟರು. “ನನ್ನ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇತ್ತಲ್ಲಮ್ಮ, ಅದು ಬೆಂಗಳೂರಿಗೆ ಹೋದದ್ದು ಹೇಗೆ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಅವರು ನಮ್ಮ ಅಂಗಡಿಯ ಮುಂದೆಯೇ ನಡೆದು, ಮುಂದಿನ ತಿರುವಿನ ಅಂಗಡಿಗೆ ಹೋದರು.

ಮೆಸೇಜ್ ಆಫ್ ಮಾಡಿದೆ. ಆದರೆ ಆವತ್ತಿನಿಂದ ಅದರ ಷರತ್ತುಗಳನ್ನು ಓದಲಿಕ್ಕೆ ಶುರು ಮಾಡಿದೆ, ತಡವಾಗಿ. ವ್ಯಾಪಾರದ ಮಾಹಿತಿಯನ್ನು ‘ಪಾಲುದಾರರ’ ಜೊತೆ ಹಂಚಿಕೊಳ್ಳಬಹುದು ಅಂತ ಅದರಲ್ಲಿ ಇತ್ತು. ಒಪ್ಪಿಗೆ ಅಂತ ಒತ್ತಿದ್ದು ನಾನೇ. ವಾರಕ್ಕೆ ಎರಡು ಸಲ “ಮೇಡಂ, ನಿಮ್ಮ ಬಿಸಿನೆಸ್ಸಿಗೆ ನಾಲ್ಕು ಲಕ್ಷ ಲೋನ್ ರೆಡಿ ಇದೆ” ಅಂತ ಫೋನ್ ಬರುತ್ತಿತ್ತು. ಆಪ್‌ನಿಂದಲೇ ಹೋಗಿದೆ ಅಂತ ಸಾಬೀತು ಮಾಡಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಆದರೆ ಅವರು ಹೇಳುತ್ತಿದ್ದ ವಹಿವಾಟಿನ ಅಂದಾಜು ನಮ್ಮದಕ್ಕೆ ಹೆಚ್ಚುಕಡಿಮೆ ಸರಿಯಿತ್ತು.

ಬಿಡಲಿಕ್ಕೆ ಹೊರಟಾಗ ನಿಜವಾದ ಕಿರಿಕಿರಿ. 2025ರ ಜುಲೈ. ಯುಪಿಐಗೆ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆ ಇಲ್ಲದ ತರಕಾರಿ, ಬಿಡಿ ಅಕ್ಕಿಯೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ನಮ್ಮದು ಮೊದಲಿನಿಂದ ನೋಂದಣಿ ಆದದ್ದು, ನೋಟಿಸ್ ಬರಲಿಲ್ಲ. ಆದರೆ ನಮ್ಮ ಅಕೌಂಟೆಂಟ್ ಹೆದರಿಸಿದರು: “ಕ್ಯೂಆರ್‌ಗೆ ಬಂದದ್ದಕ್ಕೂ ಬಿಲ್ಲಿಗೂ ತಾಳೆ ನೋಡಿಡಿ. ವ್ಯಾಪಾರದ್ದು ಯಾವುದು, ಕೈಸಾಲ ಯಾವುದು ಅಂತ ತೋರಿಸಬೇಕಾದವರು ನೀವೇ.” ನಮ್ಮವರು ಗೆಳೆಯರ ಚೀಟಿ ದುಡ್ಡನ್ನೂ ಅಂಗಡಿಯ ಕ್ಯೂಆರ್‌ಗೇ ಹಾಕಿಸಿಕೊಂಡಿದ್ದರು. ಆ ಜಗಳ ಇಲ್ಲಿ ಬೇಡ.

ತಾಳೆ ನೋಡಲಿಕ್ಕೆ ಇಡೀ ವರ್ಷದ ಬಿಲ್ಲಿನ ಪಟ್ಟಿ ಎಕ್ಸೆಲ್‌ನಲ್ಲಿ ಬೇಕು. ಆಪ್ ಕೊಡುವುದು ಪಿಡಿಎಫ್, ಅದೂ ಒಮ್ಮೆಗೆ 90 ದಿನದ್ದು. ಎಕ್ಸೆಲ್ ಬೇಕಾದರೆ ದುಡ್ಡು ಕೊಟ್ಟು ‘ಪ್ರೀಮಿಯಂ’ ಆಗಬೇಕು. ನಾನು ಕೈಯಾರೆ ಹೊಡೆದ ಬಿಲ್, ನನ್ನ ಗಿರಾಕಿ, ನನ್ನ ಲೆಕ್ಕ. ಅದನ್ನು ಹೊರಗೆ ತೆಗೆಯಲಿಕ್ಕೆ ನಾನೇ ಬಾಡಿಗೆ ಕೊಡಬೇಕು! ಮಾವನ ಪುಸ್ತಕ ಒರಲೆ ತಿಂದರೂ ಉಳಿದ ಹಾಳೆ ತೋರಿಸಲಿಕ್ಕೆ ದುಡ್ಡು ಕೇಳಲಿಲ್ಲ. ಸಿಟ್ಟಿನಲ್ಲಿ ದುಡ್ಡು ಕಟ್ಟಲಿಲ್ಲ. ಎರಡು ಭಾನುವಾರ ಕೂತು ಅರವತ್ತಮೂರು ಮನೆಯ ಬಾಕಿಯನ್ನು ಪುಸ್ತಕಕ್ಕೆ ಇಳಿಸಿದೆ. ಪಿಡಿಎಫ್‌ಗಳನ್ನು ಅಕೌಂಟೆಂಟ್ ಆಫೀಸಿನ ಹುಡುಗಿ ಮೂರು ದಿನ ಕೂತು ಟೈಪ್ ಮಾಡಿದಳು. ಅದಕ್ಕೆ ಕೊಟ್ಟದ್ದು ಪ್ರೀಮಿಯಂಗಿಂತ ಜಾಸ್ತಿ ಆಯಿತು, ಅದು ನಮ್ಮವರಿಗೆ ಗೊತ್ತಿಲ್ಲ. ಗಿರಾಕಿಗಳ ನಂಬರ್ ಎಲ್ಲ ಅಳಿಸಿ ಅಂತ ಕಂಪನಿಗೆ ಮೇಲ್ ಹಾಕಿದೆ. ಹತ್ತೊಂಬತ್ತು ದಿನದ ಮೇಲೆ ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’ ಅಂತ ಬಂತು. ಆಮೇಲೆ ಸುದ್ದಿಯಿಲ್ಲ.

ಇದು ಸುಮ್ನೆ ಮನಸ್ಸಿನ ಕಿರಿಕಿರಿ ಮಾತ್ರ ಅಲ್ಲ. 2023ರಲ್ಲಿ ಜನರ ಡಿಜಿಟಲ್ ಮಾಹಿತಿ ಕಾಯುವ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಜವಾಬ್ದಾರಿಗಳು ಜಾರಿಗೆ ಬರಲಿಕ್ಕೆ ಹದಿನೆಂಟು ತಿಂಗಳ ಅವಧಿ ಕೊಟ್ಟಿದ್ದಾರೆ. ನಾನು ಬೇರೊಬ್ಬರ ಆಪ್‌ಗೆ ಹಾಕಿಸಿ ಲೆಕ್ಕ ನೋಡಿಕೊಂಡರೂ ಗಿರಾಕಿಯ ಮಾಹಿತಿಗೆ ಹೊಣೆ ನನ್ನದೇ ಅನ್ನುತ್ತದೆ ಅದು. ಕಾಪಾಡಲಿಲ್ಲ ಅಂತಾದರೆ ದಂಡದ ಮೇಲ್ಮಿತಿ 250 ಕೋಟಿ. ನಮ್ಮಂಥವರಿಗೆ ಅಷ್ಟು ಹಾಕುತ್ತಾರೆ ಅಂತಲ್ಲ, ಆದರೂ ಓದುವಾಗ ಕುರ್ಚಿ ಹಿಡಿದುಕೊಂಡೆ. ಈ ಕಾಯ್ದೆ ಬರುವುದು ಡಿಜಿಟಲ್ ಆದ ಮಾಹಿತಿಗೆ ಮಾತ್ರ. ಕಾಗದದಲ್ಲೇ ಬರೆದು ಕಾಗದದಲ್ಲೇ ಉಳಿದ ‘ಬಾವಿಕಟ್ಟೆ 2,340’ ಅದರ ಕೆಳಗೆ ಬರುವುದಿಲ್ಲ. ಮಾವ ಗೆದ್ದರು.

ಕಂಪ್ಯೂಟರಿನ ಖರ್ಚು: ಸೆಕೆಂಡ್ ಹ್ಯಾಂಡ್ ಯಂತ್ರ 11,000, ಒಮ್ಮೆ ಕೊಳ್ಳುವ ಬಿಲ್ಲಿಂಗ್ ಸಾಫ್ಟ್‌ವೇರ್ 9,000, ರಸೀದಿ ಪ್ರಿಂಟರ್ 5,500, ಯುಪಿಎಸ್ 3,200. ಒಟ್ಟು 28,700. ಒಂದೇ ಸಲ ಕೈಬಿಟ್ಟು ಹೋಗುವ ದುಡ್ಡು, ಭಾರ ಆಯಿತು. ಯುಪಿಎಸ್ ಇಲ್ಲದೆ ಮಾತ್ರ ತರಬೇಡಿ. ನಮ್ಮ ಮಳೆಗಾಲದ ಕರೆಂಟು ಗೊತ್ತಲ್ಲ.

ಹುಡುಗನಿಗೆ ಬೇರೆ ಪಾಸ್‌ವರ್ಡ್. ಅವನು ಬಿಲ್ ಮಾಡಬಹುದು, ಅಳಿಸಲಿಕ್ಕೆ ಆಗುವುದಿಲ್ಲ, ಅಸಲು ದರ ಕಾಣುವುದಿಲ್ಲ. ಅವನ ಮೇಲೆ ಸಂಶಯ ಅಂತಲ್ಲ. ಗಲ್ಲೆಯಲ್ಲಿ ಕಡಿಮೆ ಬಿದ್ದ ದಿನ ಅವನ ಮುಖ ನೋಡುವ ಕೆಲಸ ನನಗೆ ತಪ್ಪಿತು.

ಬಿಲ್ಲಿಗೆ ಯಾರ ಫೋನ್ ನಂಬರೂ ಕೇಳುವುದಿಲ್ಲ. ದೊಡ್ಡ ಅಂಗಡಿಗಳಲ್ಲಿ ಒಂದು ಬಾಚಣಿಗೆ ಕೊಂಡರೂ “ನಂಬರ್ ಹೇಳಿ” ಅನ್ನುತ್ತಾರೆ ಅಲ್ವಾ. ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಹೇಳಿದೆ. ನಾನು ಈಗ ಅಂಥಲ್ಲಿ “ಇಲ್ಲ” ಅಂದುಬಿಡುತ್ತೇನೆ. ಬಿಲ್ ಬರುತ್ತದೆ, ಏನೂ ಆಗುವುದಿಲ್ಲ.

ಒಂದು ಕಡೆ ಆಪ್ ಗೆದ್ದದ್ದನ್ನು ಒಪ್ಪಬೇಕು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು. ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಆಪ್ ಬಳಸುವ ನಮ್ಮ ಮೈದುನನ ಅಂಗಡಿಯಲ್ಲಿ ಬೆಳಗಾಗುವಾಗ ದರ ತಾನಾಗಿ ಬದಲಾಗಿತ್ತು. ನಾನು ಹಿಂದಿನ ರಾತ್ರಿ ಒಂದೂವರೆ ತನಕ ಕೂತು ಒಂದೊಂದೇ ಗುಂಪು ತಿದ್ದಿದೆ. ಕಾಫಿ ಎರಡು ಸಲ ಆಯಿತು. ಬೆಳಿಗ್ಗೆ ಏಳಕ್ಕೆ ಪೇಪರ್ ಕೈಯಲ್ಲಿ ಹಿಡಿದೇ ಬಂದ ಒಬ್ಬರು “ಶಾಂಪೂ ಎಷ್ಟು ಇಳಿದಿದೆ?” ಅಂತ ಕೇಳಿದರು.

ತಿಂಗಳ ಬಾಡಿಗೆಯ, ನೆಟ್ಟಿನ ಮೇಲೆಯೇ ನಡೆಯುವ ಬಿಲ್ಲಿಂಗನ್ನೂ ಒಂದು ವಾರ ನೋಡಿದೆ. ವರ್ಷಕ್ಕೆ 9,000. ನೆಟ್ ಹೋದರೆ ಬಿಲ್ ಇಲ್ಲ. ಬೇಡ ಅಂದೆ.

2026ರ ಜನವರಿಯಲ್ಲಿ ಶೀರೂರು ಪರ್ಯಾಯ, ಅಂದರೆ ಉಡುಪಿ ಕೃಷ್ಣನ ಪೂಜೆಯ ಹೊಣೆ ಶೀರೂರು ಮಠಕ್ಕೆ ಬರುವ ಉತ್ಸವ. ಊರಿನ ಪ್ರತಿ ಮನೆಯಲ್ಲೂ ನೆಂಟರು, ಅಂಗಡಿಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಫೋನಿನ ನೆಟ್ ಆಗಾಗ ನಿಂತುಹೋಗುತ್ತಿತ್ತು, ಯುಪಿಐ ಕೈಕೊಡುತ್ತಿತ್ತು. ನಮ್ಮ ಬಿಲ್ ಮಾತ್ರ ನಿಲ್ಲಲಿಲ್ಲ. ಆ ಗಡಿಬಿಡಿಯಲ್ಲೇ ಮೇಷ್ಟ್ರೂ ಬಂದು ಎರಡು ಕಿಲೋ ಬೆಲ್ಲ ತೆಗೆದುಕೊಂಡರು. ನಾನು ಪುಸ್ತಕ ತೆಗೆಯಲಿಕ್ಕೆ ಹೋದೆ. “ಬೇಡಮ್ಮ, ನಗದು” ಅಂದರು. ಈಗಲೂ ನಗದೇ.

ಬ್ಯಾಕಪ್ ಎರಡು ಪೆನ್ ಡ್ರೈವಿನಲ್ಲಿ. ಒಂದು ಅಂಗಡಿಯ ಬೀರುವಿನಲ್ಲಿ ಇರುತ್ತದೆ, ಇನ್ನೊಂದು ಪ್ರತಿ ಶನಿವಾರ ನನ್ನ ಊಟದ ಡಬ್ಬಿಯ ಜೊತೆ ಮನೆಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಅದೇ ಅಕೌಂಟೆಂಟ್ ಆಫೀಸಿಗೆ ಹೋಗುತ್ತದೆ, ಎಕ್ಸೆಲ್ ಐದು ನಿಮಿಷದ ಕೆಲಸ. ಟೈಪ್ ಮಾಡಿದ ಹುಡುಗಿ ನನ್ನನ್ನು ಕಂಡರೆ ಈಗ ನಗುತ್ತಾಳೆ.

ನಿಮ್ಮಲ್ಲಿ ಉದ್ರಿಯೇ ಇಲ್ಲ, ಯಜಮಾನರು ಊರೂರು ತಿರುಗುತ್ತಾರೆ, ಒಮ್ಮೆಗೆ 28,000 ಹಾಕಲಿಕ್ಕೆ ಆಗುವುದಿಲ್ಲ ಅಂತಾದರೆ ಆಪ್ ಇಟ್ಟುಕೊಳ್ಳಿ. ಮೊದಲ ದಿನವೇ ಆ ಮೆಸೇಜ್ ಆಫ್ ಮಾಡಿ, ಕಾಂಟ್ಯಾಕ್ಟ್ ಅನುಮತಿ ಕೊಡಬೇಡಿ, ಲೆಕ್ಕ ಹೊರಗೆ ತೆಗೆಯಲಿಕ್ಕೆ ಎಷ್ಟು ಕೊಡಬೇಕು ಅಂತ ಕೇಳಿ. ನನಗೆ ಕೂತಲ್ಲೇ ಕೆಲಸ, ಬರೆಯುವ ಅಭ್ಯಾಸ ಮೊದಲಿನಿಂದ ಇದೆ, ಹಾಗಾಗಿ ಪುಸ್ತಕ ಭಾರ ಆಗುವುದಿಲ್ಲ. ಸಾಫ್ಟ್‌ವೇರಿನವರು ಬರುವ ಆಗಸ್ಟಿಗೆ ಅಪ್‌ಡೇಟಿಗೆ 2,500 ಕೇಳುತ್ತಿದ್ದಾರೆ. ದರ ಮತ್ತೆ ಬದಲಾದರೆ ಕಟ್ಟುತ್ತೇನೆ. ಇಲ್ಲದಿದ್ದರೆ ಆ ದುಡ್ಡಿನಲ್ಲಿ ಪುಸ್ತಕ ಇಡಲಿಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ತರುತ್ತೇನೆ.