ಹಲಸಿನ ಮರ ಬಿಗಿಯಲು ಎರಡು ಡ್ರಿಲ್ ಕೊಂಡ ಕಥೆ

ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ ನಮ್ಮ ತೋಟದ ಬದುವಿನಲ್ಲಿ ತಾತ ನೆಟ್ಟ ಹಲಸಿನ ಮರವಿದೆ. ಎದೆಮಟ್ಟದಲ್ಲಿ ಎರಡು ಕವಲು. ಹೋದ ಮುಂಗಾರಿನ ಗಾಳಿಗೆ ಕವಲಿನ ಸಂದಿಯಲ್ಲಿ ಬೆರಳು ತೂರುವಷ್ಟು ಸೀಳು ಬಿತ್ತು. ಮೊದಲು ಜಿಐ ತಂತಿ ಸುತ್ತಿ ಬಿಗಿದೆ. ಅದು ತಪ್ಪು. ಮರ ದಪ್ಪವಾದಂತೆ ತಂತಿ ತೊಗಟೆಯನ್ನು ಕಚ್ಚುತ್ತದೆ, ಎಲೆಯ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯಲ್ಲೇ. ಅದರ ಬದಲು ಎರಡೂ ಕವಲನ್ನು ಸೇರಿಸಿ ಅಡ್ಡಲಾಗಿ ತೂತು ಕೊರೆದು, ಥ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂ ಗೆರೆ ಇರುವ ಸರಳು) ತೂರಿಸಿ, ಎರಡು ಕಡೆ ದೊಡ್ಡ ವಾಷರ್, ನಟ್ಟು ಹಾಕಬೇಕು. "ಸೀಳಿದ ಮರಕ್ಕೆ ತೂತು ಬೇರೆ ಹೊಡೀತೀಯೇನೋ?" ಅಂತ ಅಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ರಾಡ್ 16 ಎಂಎಂ, ತೂತು 18 ಎಂಎಂ, ದಾಟಬೇಕಾದ ಮರ 19 ಇಂಚು.

ತುಮಕೂರಿನ ಮಂಡಿಪೇಟೆಯ ಒಂದು ಅಂಗಡಿಗೆ ಹೋದೆ. "600 ವ್ಯಾಟ್ ಸಾರ್, ಗೋಡೆನೇ ಕೊರೆಯುತ್ತೆ, ಮರ ಯಾವ ಲೆಕ್ಕ?" ಅಂದರು. ಇಂಪ್ಯಾಕ್ಟ್ ಡ್ರಿಲ್, ಬಿಟ್ (ಕೊರೆಯುವ ಸರಳು) ಹಿಡಿಯುವ ಬಾಯಿ 13 ಎಂಎಂ, ವೇಗ 2,800 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ತಂದು ಹಚ್ಚಿದರೆ ಮೂರು ಇಂಚು ಇಳಿಯಿತು, ಗುಂಯ್ ಅಂತ ನಿಂತಿತು. ಟ್ರಿಗರ್ ಅರ್ಧ ಒತ್ತಿ ನಿಧಾನ ಮಾಡಿದೆ. ಸುಟ್ಟ ವಾಸನೆ ಬಂತು. ವಾಪಸ್ ಒಯ್ದರೆ, "ನೀವೇ ಜಾಸ್ತಿ ಒತ್ತಿದ್ದೀರಿ" ಅಂದರು. ಆ ಮಾತಿಗೆ ಇವತ್ತಿಗೂ ಕೋಪ ಇದೆ.

ಕಣ್ಣು ತೆರೆಸಿದವರು ನಮ್ಮೂರಿನ ಆಚಾರ್ರು. ಮನೆಯಿಂದ ಅವರಪ್ಪನ ಕೈ ಬೈರಿಗೆ ತಂದು ತೋರಿಸಿದರು. "ಇದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಸ್ವಾಮಿ? ಆದರೂ ತೊಲೆ ಕೊರೆದಿಲ್ವಾ?" ನಿಜ ಅಲ್ವಾ! ದೇವರಾಯನದುರ್ಗದ ಬೆಟ್ಟ ಹತ್ತುವಾಗ ತಿರುವಿನಲ್ಲಿ ಗಾಡಿಯನ್ನು ಮೊದಲ ಗೇರಿಗೆ ಇಳಿಸುವುದು ಇದಕ್ಕೇ. ಅದೇ 600 ವ್ಯಾಟ್ ಮೋಟಾರಿಗೆ ಗೇರ್ ಹಾಕಿ 550 ಆರ್‌ಪಿಎಂಗೆ ಇಳಿಸಿದರೆ ತಿರುಗಿಸುವ ಬಲ ಹೆಚ್ಚುಕಡಿಮೆ ಐದು ಪಟ್ಟಾಗುತ್ತದೆ. ಟ್ರಿಗರ್‌ನಿಂದ ನಿಧಾನ ಮಾಡಿದರೆ ಆ ಬಲ ಬರುವುದಿಲ್ಲ. ಮೋಟಾರಿನ ಫ್ಯಾನೂ ನಿಧಾನವಾಗಿ ಬಿಸಿ ಏರುತ್ತದೆ, ಅಷ್ಟೇ. ಮಧ್ಯೆ ಯಾರೋ ಗಾರೆಯವರ ರೋಟರಿ ಹ್ಯಾಮರ್ (ಕಾಂಕ್ರೀಟ್ ಕೊರೆಯುವ ಯಂತ್ರ) ಕೊಟ್ಟರು. ಅದರ ಬಾಯಿಗೆ ಮರ ಕೊರೆಯುವ ಮಾಮೂಲಿ ಬಿಟ್ ಕೂರುವುದೇ ಇಲ್ಲ.

ಕೊನೆಗೆ ಬೇರೆ ಅಂಗಡಿಯಲ್ಲಿ 550 ಆರ್‌ಪಿಎಂ ಡ್ರಿಲ್ ತೆಗೆದುಕೊಂಡೆ. ಹಿಂದೆ ಡಿ ಆಕಾರದ ಹಿಡಿ, ಪಕ್ಕದಲ್ಲಿ ಇನ್ನೊಂದು ಹಿಡಿ, ರಿವರ್ಸ್ ಸ್ವಿಚ್. ಬೆಲೆ ಹನ್ನೊಂದು ಸಾವಿರ ಚಿಲ್ಲರೆ. ರಿವರ್ಸ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಆಗರ್ ಬಿಟ್‌ನ (ಮರ ಕೊರೆಯುವ ಉದ್ದನೆಯ ತಿರುಚು ಬಿಟ್) ತುದಿಯ ಸ್ಕ್ರೂ ತಾನೇ ಬಿಟ್ಟನ್ನು ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸದೆ ಬಿಡಿಸಲು ಆಗುವುದಿಲ್ಲ.

ಕೆಲಸ ಹೇಗಾಯಿತು? ಎರಡು ಇಂಚಿಗೊಮ್ಮೆ ಬಿಟ್ ಹೊರಗೆಳೆದು ಹೊಟ್ಟು ಕೊಡವಿದೆವು. ಹಸಿ ಹಲಸು, ಮೇಣ ಬೇರೆ. ಬಿಟ್‌ಗೆ ಕೊಬ್ಬರಿ ಎಣ್ಣೆ ಸವರಿದ ಮೇಲೆ ಸಲೀಸಾಯಿತು. ಒಳಗಿನ ಹಳದಿ ಚೇಗು ಬಂದಾಗಲೂ ಯಂತ್ರ ನಿಲ್ಲಲಿಲ್ಲ. ಒಟ್ಟು ಇಪ್ಪತ್ತು ನಿಮಿಷ. ವಾಷರ್ ಕೂರುವಷ್ಟು ಜಾಗದಲ್ಲಿ ಮಾತ್ರ ತೊಗಟೆ ಕೆತ್ತಿ, ನಟ್ಟನ್ನು ನಿಧಾನವಾಗಿ ಬಿಗಿದೆವು.

ದೂರುಗಳೂ ಇವೆ. ಬಿಟ್ ಒಮ್ಮೆ ಕಚ್ಚಿಕೊಂಡಾಗ ಇಡೀ ಯಂತ್ರವೇ ತಿರುಗಿ ನನ್ನ ಬಲಗೈ ಮಣಿಕಟ್ಟು ಉಳುಕಿತು. ಬಿಟ್ ಸಿಕ್ಕಿಕೊಂಡಾಗ ತಾನೇ ಜಾರಿ ಕೈ ಉಳಿಸುವ ಕ್ಲಚ್ ಇದರಲ್ಲಿ ಇಲ್ಲ. ಪಕ್ಕದ ಹಿಡಿ ಹಾಕದೆ ಮುಟ್ಟಲೇಬೇಡಿ. ಏಣಿಯ ಮೇಲಂತೂ ಬೇಡವೇ ಬೇಡ, ಅಟ್ಟಣೆ ಕಟ್ಟಿಕೊಳ್ಳಿ. ವೈರ್ ಗಿಡ್ಡ. ಪಂಪ್‌ಹೌಸಿನಿಂದ ನೂರು ಅಡಿ ಸಣ್ಣ ವೈರ್ ಎಳೆದಾಗ ವೋಲ್ಟೇಜ್ ಬಿದ್ದು ಯಂತ್ರ ಸುಸ್ತಾಯಿತು. 2.5 ಚದರ ಎಂಎಂ ದಪ್ಪ ವೈರ್ ಹಾಕಿದ ಮೇಲೆ ಸರಿಹೋಯಿತು. ಒಂದೇ ಮರವಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ನಮ್ಮಲ್ಲಿ ಇನ್ನೂ ಎರಡು ಮರ ಬಾಯಿಬಿಟ್ಟಿವೆ, ಅದಕ್ಕೆ ಕೊಂಡೆ.

ಹಳೇ ಡ್ರಿಲ್ ಇನ್ನೂ ಉಸಿರಾಡುತ್ತಿದೆ. ಗೋಡೆಗೆ ಫೋಟೊ ಹಾಕಲು ಸಾಕು. ಕವಲುಗಳು ಅಗಲದಂತೆ ಮರದ ಮೇಲ್ಭಾಗಕ್ಕೆ ಕೇಬಲ್ ಕಟ್ಟುವುದು ಬಾಕಿ. ಅದಕ್ಕೆ ಬೇಕಾದ 14 ಎಂಎಂ ಉದ್ದ ಬಿಟ್ ಮಂಡಿಪೇಟೆಯಲ್ಲಿ ನನಗೆ ಸಿಗಲಿಲ್ಲ. ಬರುವ ಸೋಮವಾರ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಬೇಕು.