ಮೇಲ್ ಕ್ಯೂ ನಿಂತಾಗ ಫ್ಲಶ್ ಹೊಡೆಯಬೇಡಿ

ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ ತಂತ್ರಾಂಶ) ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ಮೇಲ್ ಹೋಗ್ತಿಲ್ಲ ಅಂತ ದೂರು ಬಂದ ಕೂಡಲೇ ಇಡೀ ಕ್ಯೂ ಫ್ಲಶ್ ಮಾಡುವ, ಅಂದರೆ ಕಾಯುತ್ತಿರುವ ಎಲ್ಲ ಮೇಲನ್ನೂ ಈಗಲೇ ಕಳಿಸಲು ಹೇಳುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ನಮ್ಮಲ್ಲಿ ಸುದ್ದಿಪತ್ರವೂ ಪಾಸ್‌ವರ್ಡ್ ರೀಸೆಟ್ ಮೇಲ್‌ಗಳೂ ಒಂದೇ ಸರ್ವರ್‌ನಿಂದ ಹೋಗುತ್ತಿದ್ದವು. ಸುದ್ದಿಪತ್ರ ಪಡೆಯುವವರಲ್ಲಿ ಹೆಚ್ಚಿನವರು ಒಂದೇ ಡೊಮೇನ್‌ನವರು. ಮೇಲ್ ನಿಂತುಹೋದ ದಿನ ಆ ಡೊಮೇನ್‌ನ ಸರ್ವರ್ ಪೂರ್ತಿ ಮಲಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕನೆಕ್ಷನ್ನೇ ಸಿಗದಿದ್ದರೆ ಪೋಸ್ಟ್‌ಫಿಕ್ಸ್ ಆ ಡೊಮೇನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ. ಇದು ಹಾಗಲ್ಲ. ಕನೆಕ್ಷನ್ ಕೊಡುತ್ತಿತ್ತು, ಒಂದೊಂದು ಉತ್ತರಕ್ಕೂ ನಿಮಿಷಗಟ್ಟಲೆ ಕಾಯಿಸುತ್ತಿತ್ತು, ಕೊನೆಗೆ ವಿಳಾಸ ನೋಡಿ 450, ಅಂದರೆ ಈಗ ಆಗಲ್ಲ ಆಮೇಲೆ ಬಾ, ಅಂತ ಹೇಳಿ ಕಳಿಸುತ್ತಿತ್ತು.

ಒಂದು ಡೊಮೇನ್‌ಗೆ ಒಟ್ಟಿಗೆ 20 ಕನೆಕ್ಷನ್ ಅಂತ ಡೀಫಾಲ್ಟ್ ಮಿತಿ ಇದೆಯಲ್ಲ, ಬೇರೆಯವರ ಮೇಲ್ ಯಾಕೆ ನಿಲ್ಲಬೇಕು ಅನ್ನಿಸುತ್ತೆ, ಅಲ್ವಾ? ಆದರೆ ಆಕ್ಟಿವ್ ಕ್ಯೂಗೂ (ಕಳಿಸಲು ಕೈಗೆತ್ತಿಕೊಂಡ ಮೇಲ್‌ಗಳ ಸಾಲು) 20,000 ಮೇಲ್‌ಗಳ ಮಿತಿ ಇದೆ. ಆ ಜಾಗವೆಲ್ಲ ಒಂದೇ ಡೊಮೇನ್ ಪಾಲಾದರೆ ಪಾಸ್‌ವರ್ಡ್ ಮೇಲ್ ಅದಕ್ಕೂ ಹಿಂದಿನ ಇನ್‌ಕಮಿಂಗ್ ಕ್ಯೂನಲ್ಲೇ ಕೂರಬೇಕು. ಸರ್ವರ್ ಮೇಲೆ ಲೋಡ್ ಇಲ್ಲ, ಸಿಪಿಯು ಆರಾಮಾಗಿದೆ, ಮೇಲ್ ಮಾತ್ರ ಹೊರಡುತ್ತಿಲ್ಲ!

ಅಂಥ ಹೊತ್ತಲ್ಲಿ ಡ್ಯೂಟಿಯಲ್ಲಿದ್ದವರು ಫ್ಲಶ್ ಮಾಡಿದರು. ಸೋತ ಮೇಲನ್ನು ಪೋಸ್ಟ್‌ಫಿಕ್ಸ್ ಮತ್ತೆ ಪ್ರಯತ್ನಿಸುವುದು 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ ಅಂತರ ಹೆಚ್ಚಿಸಿಕೊಳ್ಳುತ್ತಾ. ಫ್ಲಶ್ ಆ ತಾಳ್ಮೆಯನ್ನೆಲ್ಲ ಮುರಿಯುತ್ತದೆ. ಸೋತ ಮೇಲ್‌ಗಳು ಕಾಯುವ ಡಿಫರ್ಡ್ ಕ್ಯೂನಲ್ಲಿ ಸುಮ್ನೆ ಇದ್ದದ್ದೆಲ್ಲ ಎದ್ದು ಬಂದು ಹೊಸ ಮೇಲ್‌ಗಳ ಜೊತೆ ಜಾಗಕ್ಕೆ ಪೈಪೋಟಿಗಿಳಿಯಿತು. ಬೆಳಗಾಗುವ ಹೊತ್ತಿಗೆ ರೀಸೆಟ್ ಲಿಂಕ್‌ಗಳು ತಲುಪಿದವು, ಅಷ್ಟರಲ್ಲಿ ಅವುಗಳ ಅವಧಿಯೇ ಮುಗಿದಿತ್ತು.

ಮೊದಲು ಕ್ಯೂಶೇಪ್ (qshape) ಕಮಾಂಡ್ ಓಡಿಸಿ. ಯಾವ ಡೊಮೇನ್‌ನ ಎಷ್ಟು ಮೇಲ್ ಎಷ್ಟು ಹೊತ್ತಿನಿಂದ ನಿಂತಿದೆ ಅಂತ ಒಂದೇ ಕೋಷ್ಟಕದಲ್ಲಿ ಕಾಣುತ್ತದೆ. ಆಮೇಲೆ ಆ ಡೊಮೇನ್‌ನ ಮೇಲ್‌ಗಳನ್ನು ಮಾತ್ರ ಪೋಸ್ಟ್‌ಸೂಪರ್ (postsuper) ಕಮಾಂಡ್‌ನಿಂದ ಹೋಲ್ಡ್‌ಗೆ ಹಾಕಿ, ಅಂದರೆ ತಡೆದಿಡಿ. ತಲೆ ಕೆಟ್ಟು ಎಲ್ಲವನ್ನೂ ಅಳಿಸುವ ಆಯ್ಕೆ ಕೊಟ್ಟೀರಿ, ಜೋಕೆ. ಅಳಿಸಿದ್ದು ವಾಪಸ್ ಬರಲ್ಲ, ಕಳಿಸಿದವರಿಗೆ ಬೌನ್ಸ್ (ತಲುಪಲಿಲ್ಲ ಎಂಬ ಮೇಲ್) ಕೂಡ ಹೋಗಲ್ಲ. ಹೋಲ್ಡ್‌ನಲ್ಲಿ ತುಂಬಾ ದಿನ ಇಟ್ಟಿದ್ದರೆ ಬಿಡುವಾಗ ರೀಕ್ಯೂ ಮಾಡಿ, ಅಂದರೆ ಹೊಸದಾಗಿ ಕ್ಯೂಗೆ ಸೇರಿಸಿ. ಸುಮ್ನೆ ಬಿಟ್ಟರೆ 5 ದಿನದ ಮಿತಿ ದಾಟಿದವು ಮತ್ತೊಮ್ಮೆ ಸೋತ ಕೂಡಲೇ ಬೌನ್ಸ್ ಆಗುತ್ತವೆ.

ನಿಧಾನದ ಡೊಮೇನ್‌ಗೆ ಬೇರೆ ಟ್ರಾನ್ಸ್‌ಪೋರ್ಟ್ (ಮೇಲ್ ಸಾಗಿಸುವ ಪ್ರತ್ಯೇಕ ದಾರಿ) ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಕನೆಕ್ಷನ್ ಕಡಿಮೆ ಮಾಡಬಹುದು, ನಡುವೆ ಬಿಡುವು ಕೊಡಬಹುದು. ಆದರೆ ಆಕ್ಟಿವ್ ಕ್ಯೂ ಎಲ್ಲ ಟ್ರಾನ್ಸ್‌ಪೋರ್ಟ್‌ಗೂ ಒಂದೇ. ಅದು ತುಂಬಿದರೆ ಈ ಉಪಾಯ ಸಾಲದು. ನಾವು ಕೊನೆಗೆ ಸುದ್ದಿಪತ್ರಕ್ಕೆ ಅದೇ ಯಂತ್ರದಲ್ಲಿ ಇನ್ನೊಂದು ಪೋಸ್ಟ್‌ಫಿಕ್ಸ್ ಇನ್‌ಸ್ಟನ್ಸ್ ಎಬ್ಬಿಸಿದೆವು. ಅದರ ಕ್ಯೂ ಅದಕ್ಕೆ, ಪಾಸ್‌ವರ್ಡ್ ಮೇಲ್‌ಗಳ ಕ್ಯೂ ಅವಕ್ಕೆ.